ಫೈರಿ ಸರ್ವರ್ ಕೈಕೊಟ್ಟರೆ ಬೇರೆ ಕಂಟ್ರೋಲರ್ ಹಾಕಬಹುದೇ?

ಪ್ರಶ್ನೆ: ನಮ್ಮದು ಗದಗ-ಬೆಟಗೇರಿಯಲ್ಲಿ ತಂದೆಯವರ ಕಾಲದಿಂದ ಇರುವ ಪ್ರೆಸ್. ಎರಡು ಆಫ್‌ಸೆಟ್ ಮಷಿನ್ ಇವೆ. ಲಗ್ನಪತ್ರಿಕೆ, ರಸೀದಿ ಪುಸ್ತಕ, ನೂರಿನ್ನೂರು ಪ್ರತಿಯ ಸಣ್ಣ ಪುಸ್ತಕ, ಹೀಗೆ ಕೆಲಸ ಬರುತ್ತದೆ. ಕಡಿಮೆ ಪ್ರತಿಯ ಬಣ್ಣದ ಕೆಲಸಕ್ಕೆಂದು ಕೋನಿಕಾ ಮಿನೋಲ್ಟಾ ಬಿಝ್‌ಹಬ್ ಪ್ರೆಸ್ ಸಿ6000 ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡೆವು. ಜೊತೆಗೆ ಹೊರಗೆ ಇಡುವ ಫೈರಿ ಸರ್ವರ್, ಅಂದರೆ ಫೈಲನ್ನು ಮುದ್ರಣಕ್ಕೆ ತಯಾರು ಮಾಡಿ ಮಷಿನ್‌ಗೆ ಕಳಿಸುವ ಕಂಟ್ರೋಲರ್ ಬಂದಿತ್ತು. ಒಂದು ತಿಂಗಳಿಂದ ಬೆಳಿಗ್ಗೆ ಸರ್ವರ್ ಒಮ್ಮೊಮ್ಮೆ ಏಳುವುದೇ ಇಲ್ಲ. ಎದ್ದರೂ ತಾರೀಕು ಹಳೇದು ತೋರಿಸುತ್ತದೆ. ದೊಡ್ಡ ಪಿಡಿಎಫ್ ಕಳಿಸಿದರೆ ಅರ್ಧಕ್ಕೇ ನಿಲ್ಲುತ್ತದೆ. ಮಷಿನ್ ಕೊಟ್ಟವರು "ಕಂಟ್ರೋಲರ್ ಹೋಗಿದೆ, ಬೇರೆ ತಗೊಳ್ಳಿ, 1.75 ಲಕ್ಷ ಆಗುತ್ತದೆ" ಅಂದರು. ಹುಬ್ಬಳ್ಳಿಯ ಒಬ್ಬರು "ಕ್ರಿಯೋ ಕಂಟ್ರೋಲರ್ ಹಾಕಿ, ಬಣ್ಣ ಇನ್ನೂ ಚೆನ್ನಾಗಿ ಬರುತ್ತದೆ" ಅಂತಾರೆ. ಇನ್ನೊಬ್ಬರು "ಫ್ಲೆಕ್ಸ್ ಮಷಿನ್‌ಗೆ ಹಾಕುವ ರಿಪ್ ಸಾಫ್ಟ್‌ವೇರ್ ಒಂದು ಪಿಸಿಗೆ ಹಾಕಿ ಲ್ಯಾನ್ ಕೇಬಲ್ ಕೊಟ್ಟರೆ ಮುಗೀತು" ಅಂತಾರೆ. ಯಾವುದು ನಿಜ? ಇನ್ನೊಂದು ವಿಷಯ. ಲಗ್ನಪತ್ರಿಕೆಯಲ್ಲಿ ನೆರಳು ಕೊಟ್ಟ ಕಡೆ ಬಿಳಿ ಡಬ್ಬಿ ಬರುತ್ತದೆ, ಕೆಲವು ಸಲ ಒತ್ತಕ್ಷರ ಒಡೆಯುತ್ತವೆ. ಕಂಟ್ರೋಲರ್ ಬದಲಿಸಿದರೆ ಇದೂ ಸರಿಹೋಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಕಾಣುವ ದೊಡ್ಡ ಭಯ ಒಂದೇ. ಕಂಟ್ರೋಲರ್ ಇಲ್ಲದಿದ್ದರೆ ಇಷ್ಟು ದೊಡ್ಡ ಮಷಿನ್ ಗುಜರಿ ಆಗುತ್ತದಲ್ಲ ಎಂಬುದು. ಆ ಭಯ ಸುಳ್ಳಲ್ಲ. ಆದರೆ ನೀವು ಬರೆದ ಲಕ್ಷಣ ನೋಡಿದರೆ ನಿಮ್ಮ ಕಂಟ್ರೋಲರ್ ಸತ್ತಿಲ್ಲ, ಕಾಯಿಲೆ ಬಿದ್ದಿದೆ ಅಷ್ಟೆ ಅನಿಸುತ್ತದೆ. ಹಾಗಾಗಿ ಆ 1.75 ಲಕ್ಷವನ್ನು ಈ ವಾರ ಯಾರಿಗೂ ಕೊಡಬೇಡಿ. ಏಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ನಿಮಗೆ ಸಿಕ್ಕ ಎರಡು ಸಲಹೆಗಳನ್ನು ನೋಡೋಣ.

ಗದಗ, ಹುಬ್ಬಳ್ಳಿ ಕಡೆಯ ಪ್ರೆಸ್ಸಿನವರಿಗೆ ಒಂದು ಒಳ್ಳೆಯ ಅಭ್ಯಾಸ ಇದೆ. ಆಫ್‌ಸೆಟ್ ಮಷಿನ್‌ನ ಗೇರು ಸವೆದರೆ ಲೇಥ್‌ಗೆ ಹಾಕಿ ಹೊಸದು ಮಾಡಿಸುತ್ತೀರಿ. ರೋಲರ್‌ಗೆ ರಬ್ಬರ್ ಹಾಕಿಸುತ್ತೀರಿ. ಒಂದು ಮಷಿನ್‌ನ ಭಾಗವನ್ನು ಇನ್ನೊಂದಕ್ಕೆ ಹೊಂದಿಸುತ್ತೀರಿ. ಮುದ್ರಣ ಕಾಶಿ ಅನ್ನಿಸಿಕೊಂಡ ಊರು ಇಷ್ಟು ವರ್ಷ ನಡೆದಿರುವುದೇ ಆ ಜಾಣತನದಿಂದ. ಆದರೆ ಅದೇ ಲೆಕ್ಕವನ್ನು ಡಿಜಿಟಲ್ ಮಷಿನ್‌ನ ಕಂಟ್ರೋಲರ್‌ಗೆ ಹಾಕಲು ಬರುವುದಿಲ್ಲ. ಇಲ್ಲಿ ಅಳತೆ ಹೊಂದಿದರೆ ಸಾಲದು, ಎರಡೂ ಪೆಟ್ಟಿಗೆಗಳಿಗೆ ಒಂದೇ ಭಾಷೆ ಗೊತ್ತಿರಬೇಕು.

ಕಂಟ್ರೋಲರ್ ಏನು ಮಾಡುತ್ತದೆ? ನೀವು ಕಳಿಸಿದ ಪಿಡಿಎಫ್ ಅಥವಾ ಪೋಸ್ಟ್‌ಸ್ಕ್ರಿಪ್ಟ್ ಫೈಲನ್ನು ಓದುತ್ತದೆ. ಅಕ್ಷರ, ಗೆರೆ, ಫೋಟೋ ಎಲ್ಲವನ್ನೂ ಚುಕ್ಕಿಗಳಾಗಿ ಬಿಡಿಸುತ್ತದೆ. ಸಯಾನ್, ಮಜೆಂಟಾ, ಹಳದಿ, ಕಪ್ಪು ಅಂತ ನಾಲ್ಕು ಪದರ ಮಾಡುತ್ತದೆ. ಆಮೇಲೆ ಅದನ್ನು ಪ್ರಿಂಟ್ ಎಂಜಿನ್‌ಗೆ, ಅಂದರೆ ಡ್ರಮ್ಮು ಟೋನರ್ ಇರುವ ದೊಡ್ಡ ಮಷಿನ್‌ಗೆ, ಕಾಗದ ಓಡುವ ವೇಗಕ್ಕೆ ಸರಿಯಾಗಿ ಉಣಿಸುತ್ತದೆ. ಈ ಕೊನೆಯ ಕೆಲಸವೇ ಎಲ್ಲರೂ ಮರೆಯುವ ಕೆಲಸ.

ಒಂದು ಲೆಕ್ಕ ಹಾಕಿ ನೋಡಿ. ಎ4 ಪುಟವನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಬಿಡಿಸಿದರೆ ಸುಮಾರು 3.48 ಕೋಟಿ ಚುಕ್ಕಿ. ನಾಲ್ಕು ಬಣ್ಣಕ್ಕೆ, ಒಂದು ಚುಕ್ಕಿಗೆ ಒಂದು ಬೈಟ್ ಅಂತ ಹಿಡಿದರೆ ಪುಟಕ್ಕೆ ಸುಮಾರು 139 ಎಂಬಿ. ನಿಮ್ಮ ಸಿ6000 ನಿಮಿಷಕ್ಕೆ 60 ಎ4 ಪುಟ ಹಾಕುವ ಮಷಿನ್. ಅಂದರೆ ಸೆಕೆಂಡಿಗೆ ಒಂದು ಪುಟ, ಸೆಕೆಂಡಿಗೆ 139 ಎಂಬಿ. ಒಂದು ಗಿಗಾಬಿಟ್ ಲ್ಯಾನ್ ಕೇಬಲ್ ಪೂರ್ತಿ ಖಾಲಿ ಇದ್ದರೂ ಸೆಕೆಂಡಿಗೆ 125 ಎಂಬಿ ದಾಟುವುದಿಲ್ಲ. 1200 ಡಿಪಿಐ ಅಂದರೆ ಇದರ ನಾಲ್ಕು ಪಟ್ಟು. ಡೇಟಾವನ್ನು ಹಿಂಡಿ ಚಿಕ್ಕದು ಮಾಡಿ ಕಳಿಸುತ್ತಾರೆ, ನಿಜ. ಆದರೂ ಕಾಗದ ಟ್ರೇಯಿಂದ ಹೊರಟ ಮೇಲೆ ಚಿತ್ರ ಒಂದು ಕ್ಷಣವೂ ತಡವಾಗಿ ಬರುವಂತಿಲ್ಲ. ಅದಕ್ಕೇ ಇಂಥ ಹೊರಗಿನ ಸರ್ವರ್‌ಗೂ ಎಂಜಿನ್‌ಗೂ ನಡುವೆ ದಪ್ಪನೆಯ ಬೇರೆ ಕೇಬಲ್ ಇರುತ್ತದೆ. ಎರಡೂ ತುದಿಯಲ್ಲಿ ವಿಡಿಯೋ ಇಂಟರ್‌ಫೇಸ್ ಬೋರ್ಡ್ ಇರುತ್ತದೆ. ಆ ಕೇಬಲ್‌ನಲ್ಲಿ ಚಿತ್ರ ಒಂದೇ ಹೋಗುವುದಿಲ್ಲ. ಯಾವ ಟ್ರೇ, ಯಾವ ದಪ್ಪದ ಕಾಗದ, ಎರಡೂ ಬದಿಯೋ ಒಂದೇ ಬದಿಯೋ, ಜಾಮ್ ಆಯಿತೋ ಎಂಬ ಮಾತುಕತೆಯೂ ಅಲ್ಲೇ ನಡೆಯುತ್ತದೆ. ಆ ಮಾತಿನ ನಿಯಮವನ್ನು ಮಷಿನ್ ಮಾಡಿದ ಕಂಪನಿ ಹೊರಗೆ ಬಿಡುವುದಿಲ್ಲ. ತನ್ನ ಜೊತೆ ಒಪ್ಪಂದ ಇರುವವರಿಗೆ ಮಾತ್ರ ಕೊಡುತ್ತದೆ.

ಈಗ ಫ್ಲೆಕ್ಸ್ ರಿಪ್‌ನ ಮಾತು. ರಿಪ್ ಅಂದರೆ ಫೈಲನ್ನು ಚುಕ್ಕಿಗಳಾಗಿ ಬಿಡಿಸುವ ಸಾಫ್ಟ್‌ವೇರ್. ಫ್ಲೆಕ್ಸ್ ಮಷಿನ್ ಇಂಕ್‌ಜೆಟ್. ಹೆಡ್ಡು ಅತ್ತಿತ್ತ ಓಡುತ್ತ ಒಂದೊಂದು ಪಟ್ಟಿ ಹಾಕುತ್ತದೆ. ಡೇಟಾ ತಡವಾದರೆ ಹೆಡ್ಡು ನಿಂತು ಕಾಯುತ್ತದೆ. ರಿಪ್ ಮಾಡುವ ಕಂಪನಿಗಳು ಆ ಪ್ರಿಂಟರ್‌ಗಳಿಗೆ ಡ್ರೈವರ್ ಬರೆದು ಕೊಟ್ಟಿರುತ್ತವೆ. ಅದರಿಂದ ಪಿಸಿಯಿಂದ ನೇರ ನಡೆಯುತ್ತದೆ. ನಿಮ್ಮ ಟೋನರ್ ಎಂಜಿನ್ ಹಾಗೆ ನಿಂತು ಕಾಯುವುದಿಲ್ಲ. ಮೇಲಾಗಿ ಕಂಟ್ರೋಲರ್ ತೆಗೆದಿಟ್ಟರೆ ನಿಮ್ಮ ಲ್ಯಾನ್ ಕೇಬಲ್‌ನಲ್ಲಿ ಬಂದ ಫೈಲನ್ನು ಓದುವವರೇ ಎಂಜಿನ್‌ನಲ್ಲಿ ಯಾರೂ ಇಲ್ಲ. ಹಾಗಾಗಿ ಈ ಸಲಹೆ ನಿಮ್ಮ ಮಷಿನ್‌ಗೆ ಆಗುವ ಮಾತಲ್ಲ. ಸುಮ್ನೆ ಸಾಫ್ಟ್‌ವೇರ್‌ಗೆ ದುಡ್ಡು ಹಾಕಬೇಡಿ.

ಆ ಸಲಹೆಯಲ್ಲಿ ಒಂದು ಎಳೆ ನಿಜ ಇದೆ ಅನ್ನುವುದನ್ನೂ ಹೇಳಬೇಕು. ಕೆಲವು ಮಷಿನ್‌ಗಳಲ್ಲಿ ಒಳಗೇ ಒಂದು ಕಂಟ್ರೋಲರ್ ಇರುತ್ತದೆ. ಅದು ಪೋಸ್ಟ್‌ಸ್ಕ್ರಿಪ್ಟ್, ಪಿಡಿಎಫ್ ಓದಬಲ್ಲದು. ಅಂಥ ಮಷಿನ್ ಇದ್ದರೆ ಮುಂದೆ ಒಂದು ಪಿಸಿ ಇಟ್ಟು ಬಣ್ಣ ಪರಿವರ್ತನೆ, ಪುಟ ಜೋಡಣೆ ಎಲ್ಲ ಅಲ್ಲೇ ಮುಗಿಸಿ, ತಯಾರಾದ ಪಿಡಿಎಫ್ ಮಾತ್ರ ಮಷಿನ್‌ಗೆ ಕಳಿಸಬಹುದು. ಘೋಸ್ಟ್‌ಸ್ಕ್ರಿಪ್ಟ್‌ನಂಥ ಉಚಿತ ಸಾಫ್ಟ್‌ವೇರ್‌ನಲ್ಲೂ ಐಸಿಸಿ ಪ್ರೊಫೈಲ್ (ಯಾವ ಬಣ್ಣ ಹೇಗೆ ಬರಬೇಕು ಅಂತ ಹೇಳುವ ಫೈಲ್) ಹಾಕಿ ಬಣ್ಣ ಬದಲಿಸಲು ಬರುತ್ತದೆ. ಆದರೆ ಆಗಲೂ ಒಳಗೆ ಕೆಲಸ ಮಾಡುವ ಕಂಟ್ರೋಲರ್ ಇರಲೇಬೇಕು. ಪಿಸಿ ಅದರ ಮುಂದೆ ನಿಲ್ಲುತ್ತದೆ, ಅದರ ಜಾಗದಲ್ಲಿ ಅಲ್ಲ.

ಕ್ರಿಯೋ ವಿಷಯ ಬೇರೆ. ಕ್ರಿಯೋ ಒಳ್ಳೆಯ ಕಂಟ್ರೋಲರ್. ಕೆನಡಾದ ಆ ಕಂಪನಿಯನ್ನು 2005ರಲ್ಲಿ ಕೊಡಾಕ್ ಕೊಂಡುಕೊಂಡಿತು. ಕೋನಿಕಾ ಮಿನೋಲ್ಟಾ, ಝೆರಾಕ್ಸ್ ಮಷಿನ್‌ಗಳಿಗೆ ಕ್ರಿಯೋ ಸರ್ವರ್ ಬರುತ್ತಿದ್ದವು. ಆದರೆ "ಕ್ರಿಯೋ" ಅಂದರೆ ಯಾವ ಮಷಿನ್‌ಗೂ ಹಾಕುವ ಒಂದು ಪೆಟ್ಟಿಗೆ ಅಲ್ಲ. ಝೆರಾಕ್ಸ್‌ಗೆ ಮಾಡಿದ್ದು ನಿಮ್ಮದಕ್ಕೆ ಬರುವುದಿಲ್ಲ. ಕೋನಿಕಾದ್ದೇ ಬೇರೆ ಮಾಡೆಲ್‌ಗೆ ಮಾಡಿದ್ದನ್ನೂ ನಂಬಿ ತರುವಂತಿಲ್ಲ. ನಿಮ್ಮ ಮಾಡೆಲ್‌ಗೇ ಹೇಳಿದ ಸರ್ವರ್, ಅದರ ಇಂಟರ್‌ಫೇಸ್ ಬೋರ್ಡ್, ಅದರ ಕೇಬಲ್, ಅದರ ಡಾಂಗಲ್ (ಲೈಸೆನ್ಸ್ ಹಿಡಿದಿರುವ ಸಣ್ಣ ಸಾಧನ), ಎಲ್ಲ ಒಟ್ಟಿಗೆ ಸಿಕ್ಕರೆ ಮಾತ್ರ ಯೋಚಿಸಬಹುದು. ಬಣ್ಣ ಚೆನ್ನಾಗಿ ಬರುತ್ತದೆ ಅನ್ನುವುದೂ ಪೂರ್ತಿ ನಿಜವಲ್ಲ. ಬಣ್ಣ ನಿಂತಿರುವುದು ಕ್ಯಾಲಿಬ್ರೇಶನ್ (ಬಣ್ಣ ಅಳೆದು ಸರಿಹೊಂದಿಸುವುದು) ಮೇಲೆ, ಆ ಎಂಜಿನ್‌ಗೂ ಆ ಕಾಗದಕ್ಕೂ ಮಾಡಿದ ಪ್ರೊಫೈಲ್ ಮೇಲೆ, ಡ್ರಮ್ ಮತ್ತು ಬೆಲ್ಟ್‌ನ ಸ್ಥಿತಿಯ ಮೇಲೆ. ತಿಂಗಳುಗಟ್ಟಲೆ ಕ್ಯಾಲಿಬ್ರೇಟ್ ಮಾಡದ ಕ್ರಿಯೋಗಿಂತ ಇವತ್ತು ಬೆಳಿಗ್ಗೆ ಕ್ಯಾಲಿಬ್ರೇಟ್ ಮಾಡಿದ ಫೈರಿ ಚೆನ್ನಾಗಿ ಮುದ್ರಿಸುತ್ತದೆ. ಹಳೆ ಕ್ರಿಯೋ ರಿಪೇರಿ ಮಾಡುವವರು ನಮ್ಮ ಭಾಗದಲ್ಲಿ ಸಿಗುವುದೂ ಕಷ್ಟ. ಫೈರಿ ತಿಳಿದವರು ಹುಬ್ಬಳ್ಳಿಯಲ್ಲಿ, ಬೆಂಗಳೂರಲ್ಲಿ ಸಿಗುತ್ತಾರೆ. ನಾನಾದರೆ ನಿಮಗೆ ಕ್ರಿಯೋ ಹೇಳುವುದಿಲ್ಲ.

ಇನ್ನು ನಿಮ್ಮ ಸರ್ವರ್‌ಗೆ ಬರೋಣ. ಹೊರಗೆ ಇಡುವ ಫೈರಿ ಅಂದರೆ ಒಳಗೆ ಬಹುಪಾಲು ಒಂದು ಸಾಮಾನ್ಯ ಕಂಪ್ಯೂಟರೇ. ಮದರ್‌ಬೋರ್ಡ್, ರ‍್ಯಾಮ್, ಹಾರ್ಡ್ ಡಿಸ್ಕ್, ಪವರ್ ಸಪ್ಲೈ, ಫ್ಯಾನ್. ವಿಶೇಷ ಇರುವುದು ಎರಡೇ: ಎಂಜಿನ್‌ಗೆ ಹೋಗುವ ಇಂಟರ್‌ಫೇಸ್ ಬೋರ್ಡ್ ಮತ್ತು ಲೈಸೆನ್ಸ್ ಹಿಡಿದಿರುವ ಡಾಂಗಲ್. ಕೆಡುವುದು ಹೆಚ್ಚಾಗಿ ಸಾಮಾನ್ಯ ಭಾಗಗಳೇ. ಬೇಸಿಗೆಯ ಧಗೆ, ಕಾಗದದ ಧೂಳು, ಕರೆಂಟ್ ಹೋಗಿ ಬರುವುದು, ಇವೇ ಕಾರಣ.

ತಾರೀಕು ಹಳೇದು ತೋರಿಸುತ್ತದೆ ಅಂದಿರಲ್ಲ, ಅದು ಮದರ್‌ಬೋರ್ಡ್ ಮೇಲಿನ ಸೀಮಾಸ್ ಬ್ಯಾಟರಿ ಮುಗಿದಿದೆ ಅನ್ನುವ ಗುರುತು. ಸಾಮಾನ್ಯವಾಗಿ ಸಿಆರ್2032 ಅನ್ನುವ, ನಾಣ್ಯದ ಹಾಗಿರುವ 3 ವೋಲ್ಟ್ ಸೆಲ್. ಯಾವ ಕಂಪ್ಯೂಟರ್ ಅಂಗಡಿಯಲ್ಲೂ ಸಿಗುತ್ತದೆ. ಅದು ಸತ್ತರೆ ತಾರೀಕಿನ ಜೊತೆ ಬಯೋಸ್ (ಕಂಪ್ಯೂಟರನ್ನು ಎಬ್ಬಿಸುವ ಮೂಲ ಪ್ರೋಗ್ರಾಂ) ಸೆಟ್ಟಿಂಗೂ ಹೋಗುತ್ತದೆ. ಹಾರ್ಡ್ ಡಿಸ್ಕ್ ಓದುವ ಸಾಟಾ ಮೋಡ್ ಬದಲಾದರೆ ಸರ್ವರ್ ಏಳುವುದೇ ಇಲ್ಲ. ಬೆಳಿಗ್ಗೆ ಮಾತ್ರ ತಕರಾರು ಮಾಡುವುದು ಇದಕ್ಕೆ ತಕ್ಕ ಹಾಗಿದೆ, ಏಕೆಂದರೆ ರಾತ್ರಿ ಮೇನ್ ಸ್ವಿಚ್ ಆರಿಸಿದ ಮೇಲೆ ಬಯೋಸ್‌ಗೆ ಆ ಸೆಲ್ ಒಂದೇ ಆಧಾರ. ಸರ್ವರ್ ಸರಿಯಾಗಿ ಎದ್ದ ದಿನ ರೀಸ್ಟಾರ್ಟ್ ಮಾಡಿ, ಬಯೋಸ್‌ನ ಪ್ರತಿ ಪರದೆಯ ಫೋಟೋ ಮೊಬೈಲ್‌ನಲ್ಲಿ ತೆಗೆದಿಡಿ. ಆಮೇಲೆ ಸೆಲ್ ಬದಲಿಸಿ, ಅದೇ ಸೆಟ್ಟಿಂಗ್ ಹಾಕಿ, ತಾರೀಕು ಸರಿಮಾಡಿ.

ದೊಡ್ಡ ಪಿಡಿಎಫ್ ಅರ್ಧಕ್ಕೆ ನಿಲ್ಲುವುದಕ್ಕೆ ನನ್ನ ಮೊದಲ ಅನುಮಾನ ಹಾರ್ಡ್ ಡಿಸ್ಕ್ ಮೇಲೆ. ಕಂಟ್ರೋಲರ್ ಬಿಡಿಸಿದ ಪುಟಗಳನ್ನೆಲ್ಲ ಡಿಸ್ಕ್‌ನಲ್ಲೇ ಇಟ್ಟುಕೊಳ್ಳುತ್ತದೆ. ಡಿಸ್ಕ್ ತುಂಬಿದ್ದರೂ ನಿಲ್ಲುತ್ತದೆ, ಕೆಟ್ಟ ಸೆಕ್ಟರ್ ಬಂದರೂ ನಿಲ್ಲುತ್ತದೆ. ಮೊದಲು ಹಳೆ ಜಾಬ್‌ಗಳನ್ನು ಅಳಿಸಿ ನೋಡಿ. ಅದರಿಂದ ಆಗದಿದ್ದರೆ ಡಿಸ್ಕನ್ನು ಕ್ಲೋನ್ ಮಾಡಿಸಿ. ಈ ಕೆಲಸಕ್ಕೆ ಮಾತ್ರ ಒಂದು ದಿನವೂ ತಡಮಾಡಬೇಡಿ. ಫೈರಿ ಸಾಫ್ಟ್‌ವೇರ್, ಲೈಸೆನ್ಸ್ ಪಡೆದ ಆಯ್ಕೆಗಳು, ನಿಮ್ಮ ಕಾಗದಗಳಿಗೆ ಹೊಂದಿಸಿದ ಪ್ರೊಫೈಲ್‌ಗಳು, ಎಲ್ಲ ಆ ಒಂದು ಡಿಸ್ಕ್‌ನಲ್ಲಿವೆ. ಸೆಕೆಂಡ್ ಹ್ಯಾಂಡ್ ಮಷಿನ್ ಜೊತೆ ಸಾಮಾನ್ಯವಾಗಿ ಇನ್‌ಸ್ಟಾಲ್ ಡಿಸ್ಕ್ ಬಂದಿರುವುದಿಲ್ಲ. ಡಿಸ್ಕ್ ಪೂರ್ತಿ ಸತ್ತ ಮೇಲೆ ನಿಮಗೆ ಆ ಸಾಫ್ಟ್‌ವೇರ್ ಕೊಡುವವರು ಯಾರು?

ಕ್ಲೋನ್ ಮಾಡುವವರಿಗೆ ಇಷ್ಟು ಹೇಳಿ: ವಿಂಡೋಸ್‌ನಲ್ಲಿ ಫೈಲ್ ಕಾಪಿ ಮಾಡುವುದಲ್ಲ, ಸೆಕ್ಟರ್ ಸೆಕ್ಟರ್ ಆಗಿ ಇಡೀ ಡಿಸ್ಕ್ ಎತ್ತಬೇಕು. ಡಿಡಿರೆಸ್ಕ್ಯೂ ಎಂಬ ಉಚಿತ ಲಿನಕ್ಸ್ ಸಾಧನ ಇದಕ್ಕೇ ಇದೆ. ಕೆಟ್ಟ ಜಾಗ ಬಂದರೆ ಅದನ್ನು ದಾಟಿ ಮುಂದೆ ಹೋಗಿ, ಕೊನೆಗೆ ಮತ್ತೆ ಬಂದು ಪ್ರಯತ್ನಿಸುತ್ತದೆ. ಹೊಸ ಡಿಸ್ಕ್ ಹಳೆಯದಕ್ಕಿಂತ ಚಿಕ್ಕದಿರಬಾರದು. ಮೂಲ ಡಿಸ್ಕನ್ನು ಫಾರ್ಮ್ಯಾಟ್ ಮಾಡದೆ ಕಟ್ಟಿಡಿ. ಇನ್ನೊಂದು ಪ್ರತಿ ಬೇರೆ ಡಿಸ್ಕ್‌ನಲ್ಲಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಇದೇ ಹೊತ್ತಿಗೆ ಪವರ್ ಸಪ್ಲೈ, ಮದರ್‌ಬೋರ್ಡ್ ಮೇಲಿನ ಕೆಪಾಸಿಟರ್‌ಗಳ ತಲೆ ಉಬ್ಬಿದೆಯೇ ನೋಡಿಸಿ. ರ‍್ಯಾಮ್ ತೆಗೆದು ಒರೆಸಿ ಮತ್ತೆ ಕೂರಿಸಿ. ಧೂಳು ಊದಿಸಿ. ವಿಡಿಯೋ ಕೇಬಲ್‌ನ ಎರಡೂ ತುದಿ ಬಿಗಿ ಇದೆಯೇ, ಪಿನ್ ಬಗ್ಗಿದೆಯೇ ನೋಡಿ. ಆದರೆ ಮಷಿನ್ ಆನ್ ಇರುವಾಗ ಆ ಕೇಬಲ್ ಕೀಳಬೇಡಿ, ಬೋರ್ಡ್ ಸುಡುವ ಅಪಾಯ ಇದೆ.

ತಪ್ಪು ಎಂಜಿನ್‌ನದೋ ಕಂಟ್ರೋಲರ್‌ನದೋ ತಿಳಿಯಲು ಒಂದು ಪರೀಕ್ಷೆ ಇದೆ. ಸರ್ವಿಸ್ ಎಂಜಿನಿಯರ್ ಬಂದಾಗ ಎಂಜಿನ್‌ನ ಒಳಗಿನ ಟೆಸ್ಟ್ ಪ್ಯಾಟರ್ನ್ ತೆಗೆಸಿ. ಅದಕ್ಕೆ ಕಂಟ್ರೋಲರ್ ಬೇಡ. ಅದು ಸ್ವಚ್ಛವಾಗಿ ಬಂದು, ಫೈರಿಯ ಟೆಸ್ಟ್ ಪೇಜ್‌ನಲ್ಲಿ ಪಟ್ಟಿ, ಬಣ್ಣ ಜಾರುವುದು, ಅರ್ಧ ಪುಟ ಬಂದರೆ ತಪ್ಪು ಕೇಬಲ್, ಬೋರ್ಡ್ ಅಥವಾ ಸರ್ವರ್‌ನದು. ಎರಡರಲ್ಲೂ ಒಂದೇ ಕಲೆ ಬಂದರೆ ಅದು ಎಂಜಿನ್‌ನ ಕೆಲಸ. ಆಗ ಕಂಟ್ರೋಲರ್ ಬದಲಿಸಿ ಏನೂ ಪ್ರಯೋಜನ ಇಲ್ಲ. ಕಂಟ್ರೋಲರ್ ಮಾರಲು ಬಂದವರನ್ನು ಈ ಪರೀಕ್ಷೆ ಮಾಡಿದ್ದೀರಾ ಅಂತ ಮೊದಲು ಕೇಳಿ.

ಇಷ್ಟಾದ ಮೇಲೂ ಇಂಟರ್‌ಫೇಸ್ ಬೋರ್ಡೇ ಹೋಗಿದೆ, ಇಲ್ಲವೇ ಮದರ್‌ಬೋರ್ಡ್ ಸುಟ್ಟಿದೆ ಅಂತಾದರೆ ಬದಲಿ ಕಂಟ್ರೋಲರ್ ನೋಡಬೇಕು. ಆಗ ನಿಮಗಿರುವ ದಾರಿ ಎರಡು.

ಮೊದಲನೆಯದು ಇನ್ನೊಂದು ಹಳೆ ಫೈರಿ. ಸಿ6000, ಸಿ7000 ಮಷಿನ್‌ಗಳಿಗೆ ಹೊರಗಿನ ಫೈರಿಯ ಹೆಸರು ಐಸಿ-306. ಮುಂದಿನ ಸಿ1060, ಸಿ1070ಗೆ ಬಂದದ್ದು ಐಸಿ-308. ಎರಡೂ ಫೈರಿಯೇ, ಆದರೆ ಒಂದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ. "ಹೊಸ ಮಾಡೆಲ್, ಇದೇ ಹಾಕಿ" ಅಂದರೆ ಒಪ್ಪಬೇಡಿ. ಎಂಜಿನ್ ಕೆಟ್ಟು ಮೂಲೆ ಸೇರಿದ ಸಿ6000 ಎಲ್ಲಾದರೂ ಇದ್ದರೆ ಅದರ ಸರ್ವರ್ ಇಡೀ ಸೆಟ್ ಆಗಿ ಸಿಗಬಹುದು. ಇಡೀ ಸೆಟ್ ಅಂದರೆ ಸರ್ವರ್, ಡಾಂಗಲ್, ಕೇಬಲ್, ಎಂಜಿನ್ ಬದಿಯ ಬೋರ್ಡ್. ದುಡ್ಡು ಕೊಡುವ ಮೊದಲು ಅದರ ಕಾನ್ಫಿಗರೇಶನ್ ಪೇಜ್ ಪ್ರಿಂಟ್ ಕೇಳಿ. ಅದರಲ್ಲಿ ಸಾಫ್ಟ್‌ವೇರ್ ಆವೃತ್ತಿ, ಯಾವ ಯಾವ ಆಯ್ಕೆಗೆ ಲೈಸೆನ್ಸ್ ಇದೆ ಎಲ್ಲ ಇರುತ್ತದೆ. ಪುಟ ಜೋಡಿಸುವ ಇಂಪೋಸ್‌ನಂಥ ಆಯ್ಕೆ ಪರದೆ ಮೇಲೆ ಕಂಡರೂ ಲೈಸೆನ್ಸ್ ಇಲ್ಲದಿದ್ದರೆ ನಡೆಯುವುದಿಲ್ಲ. ನಿಮ್ಮ ಮಷಿನ್‌ಗೆ ಜೋಡಿಸಿ, ನಿಮ್ಮ ದಪ್ಪ ಕಾಗದದಲ್ಲಿ, ನಿಮ್ಮ ದೊಡ್ಡ ಪಿಡಿಎಫ್ ಓಡಿಸಿ ತೋರಿಸಿದ ಮೇಲೆ ಪೂರ್ತಿ ಹಣ ಅಂತ ಮಾತಾಡಿಕೊಳ್ಳಿ. ಜಿಎಸ್‌ಟಿ ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿ.

ಎರಡನೆಯದು ಕೋನಿಕಾ ಮಿನೋಲ್ಟಾದವರೇ ಮಾಡಿದ ಕಂಟ್ರೋಲರ್, ಐಸಿ-601. ಇದನ್ನು ನಮ್ಮವರು ಯಾರೂ ಹೆಚ್ಚು ಕೇಳುವುದಿಲ್ಲ. ಫೈರಿ ಅನ್ನುವ ಹೆಸರಿಗೇ ಬೆಲೆ ಜಾಸ್ತಿ, ಅಲ್ವಾ? ಆದರೆ ನಿಮ್ಮ ಕೆಲಸದ ಪಟ್ಟಿ ನೋಡಿದರೆ ಇದು ಸಾಕು ಅಂತ ನನಗೆ ಅನಿಸುತ್ತದೆ. ಲಗ್ನಪತ್ರಿಕೆಯನ್ನು ನೀವು ಹೇಗೂ ಕೋರೆಲ್‌ನಲ್ಲೇ ಶೀಟ್‌ಗೆ ಜೋಡಿಸುತ್ತೀರಿ. ಪುಸ್ತಕದ ಪುಟ ಜೋಡಣೆ ಪಿಸಿಯಲ್ಲೇ ಮಾಡಿ ಪಿಡಿಎಫ್ ಕಳಿಸಬಹುದು. ಫೈರಿಯಲ್ಲಿ ಸುಲಭವಾಗಿ ಆಗುವ ಬಣ್ಣ ತಿದ್ದುವ ಕೆಲಸ, ಬೇರೆ ಬೇರೆ ಹೆಸರು ಹಾಕುವ ವೇರಿಯಬಲ್ ಡೇಟಾ ಕೆಲಸ ಇಲ್ಲಿ ಸ್ವಲ್ಪ ಕಷ್ಟ. ಕಂಪನಿಗಳ ಲೋಗೋ ಬಣ್ಣ ಚಾಚೂ ತಪ್ಪದೆ ಬರಬೇಕು ಅನ್ನುವ ಗಿರಾಕಿಗಳು ನಿಮಗೆ ಹೆಚ್ಚಿದ್ದರೆ ಫೈರಿ ಹುಡುಕಿ, ಇಲ್ಲದಿದ್ದರೆ ಐಸಿ-601 ಸಿಕ್ಕರೆ ಬಿಡಬೇಡಿ. ಅಪಾಯ ಇರುವುದು ಜೋಡಿಸುವಾಗ. ಕಂಟ್ರೋಲರ್ ಬದಲಾಗಿದೆ ಅಂತ ಎಂಜಿನ್‌ಗೆ ಸರ್ವಿಸ್ ಮೋಡ್‌ನಲ್ಲಿ ತಿಳಿಸಬೇಕು, ಎರಡರ ಫರ್ಮ್‌ವೇರ್ ಹೊಂದಬೇಕು. ಈ ಮಾಡೆಲ್ ತಿಳಿದ ಎಂಜಿನಿಯರ್ ಬೇಕೇ ಬೇಕು. ಪೆಟ್ಟಿಗೆ ಕೊಳ್ಳುವ ಮೊದಲು ಅದನ್ನು ಕೂರಿಸುವ ಮನುಷ್ಯನನ್ನು ಗೊತ್ತು ಮಾಡಿಕೊಳ್ಳಿ.

ಎಂಜಿನ್‌ನ ಡ್ರಮ್, ಟ್ರಾನ್ಸ್‌ಫರ್ ಬೆಲ್ಟ್, ಫ್ಯೂಸರ್ (ಟೋನರನ್ನು ಕಾಯಿಸಿ ಕಾಗದಕ್ಕೆ ಅಂಟಿಸುವ ಭಾಗ) ಮೂರೂ ಬದಲಿಸುವ ಹೊತ್ತು ಬಂದಿದ್ದರೆ ಮಾತ್ರ ಬೇರೆ ಲೆಕ್ಕ. ಆ ಖರ್ಚಿಗೆ ಕಂಟ್ರೋಲರ್ ಬೆಲೆ ಕೂಡಿಸಿ ನೋಡಿ. ಆ ಮೊತ್ತ, ಕಂಟ್ರೋಲರ್ ಸಮೇತ ಓಡುತ್ತಿರುವ ಇನ್ನೊಂದು ಸೆಕೆಂಡ್ ಹ್ಯಾಂಡ್ ಮಷಿನ್‌ನ ಬೆಲೆಗೆ ಹತ್ತಿರ ಬಂದರೆ ಹಳೇದನ್ನು ಬಿಡಿಭಾಗಕ್ಕೆ ಮಾರುವುದೇ ಸರಿ.

ಕ್ರ್ಯಾಕ್ ಮಾಡಿದ ರಿಪ್, ನಕಲಿ ಡಾಂಗಲ್ ಕೊಡುತ್ತೇವೆ ಅನ್ನುವವರೂ ನಿಮ್ಮ ಬಳಿ ಬರುತ್ತಾರೆ. ಗೊತ್ತಿದ್ದೂ ಕಳ್ಳ ಪ್ರತಿಯ ಸಾಫ್ಟ್‌ವೇರ್ ಬಳಸಿದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಲ್ಲಿ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ ಇದೆ. ಅದಕ್ಕಿಂತ ಹತ್ತಿರದ ತೊಂದರೆ ಅಂದರೆ, ಅದು ಲಗ್ನದ ಸೀಸನ್ ನಡುವೆ ನಿಂತರೆ ನೀವು ಯಾರನ್ನೂ ಕೇಳುವಂತಿಲ್ಲ.

ಬಿಳಿ ಡಬ್ಬಿಯ ವಿಷಯ. ಇದು ಪಾರದರ್ಶಕತೆಯ ತೊಂದರೆ. ನೆರಳು, ಮಸುಕು ಅಂಚು ಇವು ಪಿಡಿಎಫ್‌ನಲ್ಲಿ ಪಾರದರ್ಶಕ ವಸ್ತುಗಳಾಗಿ ಕೂರುತ್ತವೆ. 2001ರ ಪಿಡಿಎಫ್ 1.4ರಿಂದ ಇದು ಬಂತು. ಹಳೆ ಪೋಸ್ಟ್‌ಸ್ಕ್ರಿಪ್ಟ್ ದಾರಿಗೆ ಪಾರದರ್ಶಕತೆ ಅಂದರೆ ಗೊತ್ತಿಲ್ಲ. ಅದು ಎಲ್ಲವನ್ನೂ ಚಪ್ಪಟೆ ಮಾಡಿಯೇ ಓದುತ್ತದೆ. ಆಗ ನೆರಳಿನ ಕೆಳಗೆ ಸ್ಪಾಟ್ ಕಲರ್ (ನಾಲ್ಕು ಬಣ್ಣದ ಆಚೆ ಬೇರೆ ಹೆಸರಿನಲ್ಲಿ ಹಾಕಿದ ಬಣ್ಣ) ಇದ್ದರೆ, ಓವರ್‌ಪ್ರಿಂಟ್ (ಒಂದು ಬಣ್ಣದ ಮೇಲೆ ಇನ್ನೊಂದನ್ನು ಹಾಕುವುದು) ಲೆಕ್ಕಕ್ಕೆ ಬರದಿದ್ದರೆ, ಅಲ್ಲಿ ಬಿಳಿ ಚೌಕ ಬೀಳುತ್ತದೆ. 2006ರಲ್ಲಿ ಬಂದ ಅಡೋಬಿಯ ಪಿಡಿಎಫ್ ಪ್ರಿಂಟ್ ಎಂಜಿನ್ ಪಾರದರ್ಶಕತೆಯನ್ನು ನೇರವಾಗಿ ಓದುತ್ತದೆ. ನಿಮ್ಮ ಸರ್ವರ್‌ನಲ್ಲಿ ಅದರ ಆಯ್ಕೆ ಇದೆಯೇ ನೋಡಿ. ಇಲ್ಲದಿದ್ದರೂ ಚಿಂತೆಯಿಲ್ಲ. ಚಿನ್ನದ ಬಣ್ಣಕ್ಕೆಂದು ಹಾಕಿದ ಸ್ಪಾಟ್ ಕಲರನ್ನು ಡಿಸೈನ್‌ನಲ್ಲೇ ಸಿಎಂವೈಕೆ (ಮೇಲೆ ಹೇಳಿದ ನಾಲ್ಕು ಬಣ್ಣ) ಮಾಡಿ. ಜಾಬ್ ಪ್ರಾಪರ್ಟೀಸ್‌ನಲ್ಲಿ ಕಾಂಪೊಸಿಟ್ ಓವರ್‌ಪ್ರಿಂಟ್ ಆನ್ ಮಾಡಿ. ಅಷ್ಟಕ್ಕೂ ಹೋಗದಿದ್ದರೆ ಪಿಡಿಎಫ್/ಎಕ್ಸ್-1ಎ ಮಾಡಿ ಕಳಿಸಿ. ಅದರಲ್ಲಿ ಪಾರದರ್ಶಕತೆ ಇರುವುದೇ ಇಲ್ಲ, ಡಬ್ಬಿ ಬರುವುದಿದ್ದರೆ ನಿಮ್ಮ ಪರದೆಯಲ್ಲೇ ಕಾಣುತ್ತದೆ.

ಒತ್ತಕ್ಷರ ಒಡೆಯುವುದಕ್ಕೂ ಕಂಟ್ರೋಲರ್‌ಗೂ ಸಂಬಂಧ ಕಡಿಮೆ. ಫಾಂಟ್ ಪಿಡಿಎಫ್ ಒಳಗೆ ಸೇರಿದ್ದರೆ ಕಂಟ್ರೋಲರ್ ಅಕ್ಷರ ಕಟ್ಟುವುದಿಲ್ಲ. ಕಟ್ಟಿ ಕೊಟ್ಟದ್ದನ್ನು ಹಾಗೇ ಬಿಡಿಸುತ್ತದೆ. ಒತ್ತು, ದೀರ್ಘ ಕೂರುವ ಜಾಗ ತೀರ್ಮಾನ ಆಗುವುದು ಕೋರೆಲ್‌ನಲ್ಲಿ, ಪೇಜ್‌ಮೇಕರ್‌ನಲ್ಲಿ. ನುಡಿ, ಶ್ರೀಲಿಪಿಯ ಹಳೆ ಫಾಂಟ್‌ನ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಒಡೆಯುತ್ತದೆ. ಯುನಿಕೋಡ್ ಅಕ್ಷರವನ್ನು ಯುನಿಕೋಡ್ ಸರಿಯಾಗಿ ತಿಳಿಯದ ಹಳೆ ಸಾಫ್ಟ್‌ವೇರ್‌ಗೆ ಅಂಟಿಸಿದರೂ ಒಡೆಯುತ್ತದೆ. ಪಿಡಿಎಫ್ ತೆರೆದು ಡಾಕ್ಯುಮೆಂಟ್ ಪ್ರಾಪರ್ಟೀಸ್‌ನಲ್ಲಿ ಫಾಂಟ್ ಪಟ್ಟಿ ನೋಡಿ. ಪ್ರತಿ ಹೆಸರಿನ ಮುಂದೆ ಎಂಬೆಡೆಡ್ ಅಂತ ಇರಬೇಕು. ಇರದಿದ್ದರೆ ಆ ಫೈಲ್ ಕಳಿಸಬೇಡಿ. ಸಣ್ಣ ಕೆಲಸವಾದರೆ ಅಕ್ಷರಗಳನ್ನು ಕರ್ವ್ (ಫಾಂಟ್ ಬೇಡದ ಗೆರೆಯ ಆಕಾರ) ಮಾಡಿಬಿಡಿ.

ಸರ್ವರ್ ಮತ್ತೆ ಎದ್ದು ನಿಂತ ಮೇಲೆ ಅದಕ್ಕೆ ಮಾತ್ರ ಒಂದು ಸಣ್ಣ ಆನ್‌ಲೈನ್ ಯುಪಿಎಸ್ ಕೊಡಿ. ಎಂಜಿನ್‌ಗೆ ಅದರಿಂದ ಲೈನ್ ಎಳೆಯಬೇಡಿ, ಫ್ಯೂಸರ್ ಹೀಟರ್‌ನ ಭಾರ ಸಣ್ಣ ಯುಪಿಎಸ್ ತಡೆಯುವುದಿಲ್ಲ. ರಾತ್ರಿ ನೇರ ಸ್ವಿಚ್ ಆರಿಸದೆ ಮೆನುವಿನಿಂದ ಶಟ್‌ಡೌನ್ ಮಾಡಿ. ಆ ಕಾಲದ ಇಂಥ ಸರ್ವರ್‌ಗಳು ಹಳೆ ವಿಂಡೋಸ್ ಮೇಲೆ ನಡೆಯುತ್ತವೆ. ವಿಂಡೋಸ್ ಎಕ್ಸ್‌ಪಿಗೆ 2014ರಲ್ಲೇ, ವಿಂಡೋಸ್ 7ಕ್ಕೆ 2020ರಲ್ಲಿ ಭದ್ರತಾ ಅಪ್‌ಡೇಟ್ ನಿಂತಿದೆ. 2017ರ ಮೇ ತಿಂಗಳಲ್ಲಿ ಹಬ್ಬಿದ ವಾನಾಕ್ರೈ ವೈರಸ್ ನುಗ್ಗಿದ್ದು ಅಪ್‌ಡೇಟ್ ಇಲ್ಲದ ವಿಂಡೋಸ್‌ಗಳಿಗೇ. ಸರ್ವರ್‌ಗೆ ಇಂಟರ್‌ನೆಟ್ ಕೊಡಬೇಡಿ. ಗಿರಾಕಿ ತಂದ ಪೆನ್‌ಡ್ರೈವ್ ಅದಕ್ಕೆ ಹಾಕಬೇಡಿ, ಬೇರೆ ಪಿಸಿಯಲ್ಲಿ ತೆರೆದು ಪಿಡಿಎಫ್ ಮಾಡಿ ಕಳಿಸಿ.

ಸೆಲ್ ಬದಲಿಸಿ, ಡಿಸ್ಕ್ ಕ್ಲೋನ್ ಮಾಡಿಸಿದ ಮೇಲೂ ಸರ್ವರ್ ಏಳದಿದ್ದರೆ ಮತ್ತೆ ಬರೆಯಿರಿ. ಆಗ ಮೂರು ಫೋಟೋ ಜೊತೆಗಿರಲಿ: ಫೈರಿಯ ಕಾನ್ಫಿಗರೇಶನ್ ಪೇಜ್, ಸರ್ವರ್ ಹಿಂಬದಿಯ ಲೇಬಲ್, ವಿಡಿಯೋ ಕೇಬಲ್ ಸೇರುವ ಜಾಗ.